ಪುಕ್ಕಟೆ ಮ್ಯಾಚ್, ಕಾಣದ ಲೆಕ್ಕ

ಡೇಟಿಂಗ್ ಆ್ಯಪ್ ಇಳಿಸಿಕೊಳ್ಳಲು ಒಂದು ಪೈಸೆಯೂ ಬೇಡ. ಆದರೆ ನೀವು ಎಲ್ಲಿದ್ದೀರಿ, ಎಷ್ಟು ಹೊತ್ತಿಗೆ ಎಚ್ಚರವಿರುತ್ತೀರಿ, ಯಾರನ್ನು ನೋಡಿ ಬೆರಳು ನಿಲ್ಲಿಸಿದಿರಿ ಎಂಬುದೆಲ್ಲ ಅದಕ್ಕೆ ಗೊತ್ತು. ಆ್ಯಪ್ ಆರಿಸುವ ಮುನ್ನ ಅದರ ಲೆಕ್ಕಪುಸ್ತಕವನ್ನು ಒಮ್ಮೆ ತೆರೆದು ನೋಡೋಣ.

2017ರಲ್ಲಿ ಫ್ರೆಂಚ್ ಪತ್ರಕರ್ತೆ ಜುಡಿತ್ ದ್ಯುಪೋರ್ತೈ ಟಿಂಡರ್ ಕಂಪನಿಯನ್ನು ಒಂದೇ ಒಂದು ಮಾತು ಕೇಳಿದರು: ನನ್ನ ಬಗ್ಗೆ ನಿಮ್ಮಲ್ಲಿ ಏನೇನಿದೆಯೋ ಅಷ್ಟನ್ನೂ ಕಳಿಸಿಕೊಡಿ. ಹಾಗೆ ಕೇಳುವ ಹಕ್ಕನ್ನು ಯುರೋಪಿನ ಕಾನೂನು ಅವರಿಗೆ ಕೊಟ್ಟಿತ್ತು.

ಉತ್ತರ ಬಂತು. 800 ಪುಟ.

ಅದರಲ್ಲಿ ಅವರು ಫೇಸ್‌ಬುಕ್‌ನಲ್ಲಿ ಮೆಚ್ಚಿದ ಪುಟಗಳ ಪಟ್ಟಿಯಿತ್ತು. ಓದಿದ್ದೆಷ್ಟು, ಯಾವ ವಯಸ್ಸಿನ ಗಂಡಸರು ಇಷ್ಟ, ಯಾವ ಮಾತುಕತೆ ಎಲ್ಲಿ ಯಾವಾಗ ನಡೆಯಿತು ಎಂಬ ವಿವರವಿತ್ತು. ಅವರು ಕಳಿಸಿದ್ದ ಸುಮಾರು 1,700 ಸಂದೇಶಗಳಿದ್ದವು. ಒಂದು ಹೊಸ ವರ್ಷದ ದಿನ ಒಟ್ಟೊಟ್ಟಿಗೆ 16 ಮಂದಿಯೊಡನೆ ಮಾತಾಡಿ, ಆಮೇಲೆ ಅಷ್ಟೂ ಮಂದಿಗೆ ಉತ್ತರವನ್ನೇ ಕೊಡದೆ ಸುಮ್ಮನಾಗಿದ್ದೂ ಅದರಲ್ಲಿತ್ತು. ಆ್ಯಪ್ ಮರೆತಿರಲಿಲ್ಲ. ಇದನ್ನೆಲ್ಲ ಅವರು ‘ಗಾರ್ಡಿಯನ್’ ಪತ್ರಿಕೆಯಲ್ಲಿ ಬರೆದಾಗ ಲೋಕಕ್ಕೆ ಲೋಕವೇ ತನ್ನ ಫೋನನ್ನು ಇನ್ನೊಮ್ಮೆ ನೋಡಿಕೊಂಡಿತು.

ಪ್ರೇಮಿಗಳ ದಿನದ ಫೆಬ್ರುವರಿ ಬಂದರೆ ಬೆಂಗಳೂರಿನ ಪಿಜಿಗಳಲ್ಲಿ ಡೇಟಿಂಗ್ ಆ್ಯಪ್‌ನದೇ ಮಾತು. ಮಾರತ್ತಹಳ್ಳಿಯಲ್ಲಿ, ಬಿಟಿಎಂ ಲೇಔಟಿನಲ್ಲಿ, ವಿಜಯನಗರದಲ್ಲಿ. ದಾವಣಗೆರೆಯಿಂದಲೋ ಕಲಬುರಗಿಯಿಂದಲೋ ಕೆಲಸಕ್ಕೆಂದು ಬಂದ ಹುಡುಗ, ಹುಡುಗಿಗೆ ಆಫೀಸು ಮತ್ತು ಹಾಸಿಗೆಯ ನಡುವೆ ಹೊಸಬರ ಪರಿಚಯವಾಗುವ ದಾರಿಯೇ ಇಲ್ಲ. ರೂಮ್‌ಮೇಟ್ ಹೇಳುತ್ತಾರೆ, ‘ಯಾವುದಾದ್ರೂ ಫ್ರೀ ಆ್ಯಪ್ ಹಾಕ್ಕೊ.’ ಆದರೆ ಯಾವುದನ್ನು ಹಾಕಿಕೊಳ್ಳಬೇಕು? ಆ ಹುಡುಗಿಯ, ಆ ಹುಡುಗನ ಪಕ್ಕದಲ್ಲಿ ಕೂತು ಯೋಚಿಸಬೇಕಾದ ಪ್ರಶ್ನೆ ಇದು. ಮುಜುಗರಪಟ್ಟು ಮುಚ್ಚಿಡುವಂಥದ್ದಲ್ಲ.

ಒಬ್ಬನೇ ನಡೆಸಿದ ತಾಣ

ಪುಕ್ಕಟೆ ಡೇಟಿಂಗಿನ ಚರಿತ್ರೆಯಲ್ಲಿ ಮರೆಯಲಾಗದ ಹೆಸರು ಮಾರ್ಕಸ್ ಫ್ರಿಂಡ್. ಕೆನಡಾದ ವ್ಯಾಂಕೂವರಿನವನು. 2003ರಲ್ಲಿ, ಹೊಸದೊಂದು ಪ್ರೋಗ್ರಾಮಿಂಗ್ ವಿದ್ಯೆ ಕಲಿಯಲೆಂದು ಒಂದು ವೆಬ್‌ಸೈಟ್ ಕಟ್ಟಿದ. ಹೆಸರು ‘ಪ್ಲೆಂಟಿ ಆಫ್ ಫಿಶ್’. ಅವನ ಎದುರಿಗಿದ್ದ ದೊಡ್ಡ ತಾಣಗಳೆಲ್ಲ ತಿಂಗಳಿಗಿಷ್ಟು ಎಂದು ವಸೂಲಿ ಮಾಡುತ್ತಿದ್ದವು. ಇವನು ಎಲ್ಲವನ್ನೂ ಪುಕ್ಕಟೆ ಕೊಟ್ಟ.

ತಾಣದ ಅಂದಚೆಂದದ ಕಡೆ ಅವನು ಗಮನ ಕೊಡಲಿಲ್ಲ. ಜನ ಮಾತ್ರ ಮುಗಿಬಿದ್ದರು. ವರ್ಷಗಟ್ಟಲೆ ಅವನೊಬ್ಬನೇ ಮನೆಯಲ್ಲಿ ಕೂತು ಅದನ್ನು ನಡೆಸಿದ. ವರಮಾನವೆಲ್ಲ ಗೂಗಲ್ ಜಾಹೀರಾತಿನದು. 2015ರಲ್ಲಿ ಡೇಟಿಂಗ್ ಕಂಪನಿ ಮ್ಯಾಚ್ ಗ್ರೂಪ್ ಅದನ್ನು 57.5 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು.

ಅದಕ್ಕೂ ಮೊದಲೇ ಇನ್ನೊಂದು ಕಥೆ ನಡೆದಿತ್ತು. ‘ಓಕೆಕ್ಯುಪಿಡ್’ ಹಾರ್ವರ್ಡ್‌ನಲ್ಲಿ ಗಣಿತ ಓದಿದ ನಾಲ್ವರು ಗೆಳೆಯರು 2004ರಲ್ಲಿ ತೆರೆದ ಉಚಿತ ತಾಣ. ಅವರಲ್ಲೊಬ್ಬರಾದ ಕ್ರಿಶ್ಚಿಯನ್ ರಡ್ಡರ್ 2010ರಲ್ಲಿ ಒಂದು ಖಡಕ್ ಲೇಖನ ಬರೆದರು. ಆನ್‌ಲೈನ್ ಡೇಟಿಂಗಿಗೆ ಯಾಕೆ ದುಡ್ಡು ಕೊಡಲೇಬಾರದು ಎಂಬುದು ಅದರ ವಾದ. ಚಂದಾ ತಾಣಗಳಲ್ಲಿ ಕಾಣುವ ಮುಖಗಳಲ್ಲಿ ಹೆಚ್ಚಿನವರು ಚಂದಾ ಕಟ್ಟಿರುವುದಿಲ್ಲ. ನೀವು ಬರೆದದ್ದಕ್ಕೆ ಉತ್ತರಿಸಲು ಅವರಿಗೆ ಆಗುವುದೇ ಇಲ್ಲ. ಉತ್ತರ ಬಾರದ ಗಂಡಸು ಇನ್ನಷ್ಟು ಜನಕ್ಕೆ ಬರೆಯುತ್ತಾನೆ, ಸಂದೇಶಗಳ ಮಳೆಗೆ ಬೇಸತ್ತ ಹೆಣ್ಣು ಇನ್ನಷ್ಟು ದೂರ ಸರಿಯುತ್ತಾಳೆ. ಅಂಕಿ ಅಂಶ ಹರವಿ ಅವರು ಹೇಳಿದ್ದು ಇದನ್ನೇ.

ಮರುವರ್ಷವೇ, ಚಂದಾ ತಾಣ ನಡೆಸುತ್ತಿದ್ದ ಮ್ಯಾಚ್ ಕಂಪನಿ ಓಕೆಕ್ಯುಪಿಡ್ಡನ್ನು 5 ಕೋಟಿ ಡಾಲರಿಗೆ ಕೊಂಡಿತು. ಆ ಲೇಖನ ತಾಣದಿಂದ ಮಾಯವಾಯಿತು.

ನನಗೆ ಆ ಲೇಖನದ ವಾದ ಇವತ್ತಿಗೂ ಸರಿ ಎನಿಸುತ್ತದೆ. ಅದು ಮಾಯವಾದ ಬಗೆ ಮಾತ್ರ ಇವತ್ತಿನ ‘ಉಚಿತ’ ಆ್ಯಪ್‌ಗಳ ಬಗ್ಗೆ ಇನ್ನೂ ಹೆಚ್ಚು ಹೇಳುತ್ತದೆ.

> ಮೂರು ಡಾಲರ್, ಒಂದು ಕಂಪ್ಯೂಟರ್
> 1965ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳಾದ ಜೆಫ್ ಟಾರ್ ಮತ್ತು ವಾನ್ ಮೊರಿಲ್ ‘ಆಪರೇಷನ್ ಮ್ಯಾಚ್’ ಶುರುಮಾಡಿದರು. ಪ್ರಶ್ನಾವಳಿ ತುಂಬಿ 3 ಡಾಲರ್ ಜೊತೆ ಅಂಚೆಗೆ ಹಾಕಿದರೆ, ಉತ್ತರಗಳನ್ನು ಪಂಚ್ ಕಾರ್ಡಿಗೆ ಇಳಿಸಿ ಕಂಪ್ಯೂಟರಿಗೆ ಉಣಿಸುತ್ತಿದ್ದರು. ಹೊಂದುವವರ ಹೆಸರು, ಫೋನ್ ನಂಬರಿನ ಪಟ್ಟಿ ಮನೆಗೆ ಬರುತ್ತಿತ್ತು. ಮ್ಯಾಚ್ ಡಾಟ್ ಕಾಮ್ ತೆರೆದದ್ದು 1995ರಲ್ಲಿ. ಫೋನಿನ ಜಿಪಿಎಸ್ ನೋಡಿ ಹತ್ತಿರದವರನ್ನು ತೋರಿಸುವ ಗ್ರೈಂಡರ್ ಬಂದದ್ದು 2009ರಲ್ಲಿ, ಟಿಂಡರ್ 2012ರಲ್ಲಿ.

ಮಸುಕು ಮುಖಗಳ ವ್ಯಾಪಾರ

ಟಿಂಡರ್, ಹಿಂಜ್, ಓಕೆಕ್ಯುಪಿಡ್, ಪ್ಲೆಂಟಿ ಆಫ್ ಫಿಶ್. ನಾಲ್ಕು ಹೆಸರು, ನಾಲ್ಕು ಬಣ್ಣ. ನಾಲ್ಕರ ಒಡೆತನವೂ ಮ್ಯಾಚ್ ಗ್ರೂಪಿನದೇ. ಬಂಬಲ್ ಮತ್ತು ಬಡೂ ಇನ್ನೊಂದು ಕಂಪನಿಯವು. ಒಂದು ಆ್ಯಪ್ ಬೇಸರವಾಗಿ ಇನ್ನೊಂದಕ್ಕೆ ಹಾರುವವರು ಎಷ್ಟೋ ಸಲ ಅದೇ ಮನೆಯ ಇನ್ನೊಂದು ಕೋಣೆಗೆ ಹೋಗಿರುತ್ತಾರೆ.

2023ರಲ್ಲಿ ಮ್ಯಾಚ್ ಗ್ರೂಪಿನ ವರಮಾನ 300 ಕೋಟಿ ಡಾಲರ್ ದಾಟಿತ್ತು. ಇದರಲ್ಲಿ ಜಾಹೀರಾತಿನ ಪಾಲು ತೀರಾ ಚಿಕ್ಕದು. ಉಳಿದದ್ದೆಲ್ಲ ಬಳಸುವವರ ಜೇಬಿನಿಂದಲೇ ಬಂದದ್ದು. ಹಾಗೆ ದುಡ್ಡು ಕಟ್ಟಿದವರು ಜಗತ್ತಿನಲ್ಲೆಲ್ಲ ಸೇರಿ ಸುಮಾರು ಒಂದೂವರೆ ಕೋಟಿ. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಜನ ಪುಕ್ಕಟೆಯಾಗಿ ಓಡಾಡುತ್ತಿದ್ದಾರೆ.

ಹಾಗಾದರೆ ಕಂಪನಿಗೆ ಪುಕ್ಕಟೆಯವರು ಯಾಕೆ ಬೇಕು? ಅವರಿಲ್ಲದಿದ್ದರೆ ದುಡ್ಡು ಕೊಟ್ಟವರಿಗೆ ತೋರಿಸಲು ಯಾರೂ ಇರುವುದಿಲ್ಲ. ಹೀಗಾಗಿ ಉಚಿತ ಬಳಕೆದಾರರನ್ನು ಒಳಗೆ ಇಟ್ಟುಕೊಳ್ಳಬೇಕು, ಆದರೆ ಅವರಿಗೆ ಏನೋ ಒಂದು ಸದಾ ಕೊರತೆಯಾಗಿರಬೇಕು. ಈ ವ್ಯಾಪಾರ ನಿಂತಿರುವುದೇ ಈ ಎರಡರ ನಡುವೆ.

ಆ ಕೊರತೆಯನ್ನು ಹೇಗೆ ಹುಟ್ಟಿಸುತ್ತಾರೆ ನೋಡಿ. ‘ನಿಮ್ಮನ್ನು ಕೆಲವರು ಮೆಚ್ಚಿದ್ದಾರೆ’ ಎಂದು ಆ್ಯಪ್ ಹೇಳುತ್ತದೆ. ಮುಖಗಳನ್ನು ಮಸುಕುಮಾಡಿ ತೋರಿಸುತ್ತದೆ. ಕಣ್ಣುಮೂಗು ಕಾಣಬೇಕೆಂದರೆ ದುಡ್ಡು ಕಟ್ಟಬೇಕು. ದಿನಕ್ಕಿಷ್ಟೇ ಲೈಕ್ ಎಂಬ ಮಿತಿ ಇನ್ನೊಂದು. ಬೆರಳು ತಪ್ಪಿ, ಬೇಡವೆಂದು ಎಡಕ್ಕೆ ಸರಿಸಿದ ಮುಖವನ್ನು ಹಿಂದಕ್ಕೆ ತರಿಸಲು ಬೇರೆ ಬೆಲೆ. ನಿಮ್ಮ ಪ್ರೊಫೈಲ್ ಅರ್ಧ ಗಂಟೆ ಎಲ್ಲರ ಮುಂದೆ ಬರಲು ‘ಬೂಸ್ಟ್’.

ಆ ಬೆಲೆಯೂ ಎಲ್ಲರಿಗೂ ಒಂದೇ ಅಲ್ಲ. 2015ರಲ್ಲಿ ಟಿಂಡರ್ ಪ್ಲಸ್ ಬಂದಾಗ ಅಮೆರಿಕದಲ್ಲಿ ಮೂವತ್ತರ ಒಳಗಿನವರಿಗೆ ತಿಂಗಳಿಗೆ 9.99 ಡಾಲರ್, ಮೂವತ್ತು ದಾಟಿದವರಿಗೆ 19.99. ವಯಸ್ಸು ನೋಡಿ ಹೀಗೆ ತಾರತಮ್ಯ ಮಾಡುವುದು ಕಾನೂನಿಗೆ ವಿರುದ್ಧ ಎಂದು 2018ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಹೇಳಿತು. 2022ರಲ್ಲಿ ಮೊಜಿಲ್ಲಾ ಮತ್ತು ಕನ್ಸ್ಯೂಮರ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಗಳು ಭಾರತವೂ ಸೇರಿ ಆರು ದೇಶಗಳಲ್ಲಿ ವಿಚಾರಿಸಿದಾಗ, ಒಂದೇ ದೇಶದ ಒಳಗೇ ಒಬ್ಬೊಬ್ಬರಿಗೆ ಒಂದೊಂದು ಬೆಲೆ ತೋರಿಸುತ್ತಿದ್ದುದು ಹೊರಬಿತ್ತು. ಪಕ್ಕದ ಹಾಸಿಗೆಯ ಗೆಳತಿಗೆ ಕಂಡ ಬೆಲೆ ನಿಮಗೂ ಕಾಣುತ್ತದೆ ಎಂದುಕೊಳ್ಳಬೇಡಿ. ಕೇಳಿ ನೋಡಿ.

‘90 ಪರ್ಸೆಂಟ್ ಮ್ಯಾಚ್’ ಎಂದರೆ?

ಆರಿಸುವವರನ್ನು ದಾರಿ ತಪ್ಪಿಸುವ ಇನ್ನೊಂದು ಸಂಗತಿ ಈ ಶೇಕಡಾವಾರು.

2014ರಲ್ಲಿ ಓಕೆಕ್ಯುಪಿಡ್ ತಾನೇ ಒಪ್ಪಿಕೊಂಡಿತು: ಬಳಕೆದಾರರ ಮೇಲೆ ನಾವು ಪ್ರಯೋಗ ಮಾಡಿದ್ದೇವೆ. ಲೆಕ್ಕದ ಪ್ರಕಾರ 30 ಪರ್ಸೆಂಟ್ ಮಾತ್ರ ಹೊಂದುವ ಜೋಡಿಗಳಿಗೆ, ನೀವಿಬ್ಬರೂ 90 ಪರ್ಸೆಂಟ್ ಹೊಂದುತ್ತೀರಿ ಎಂದು ತೋರಿಸಿದ್ದರು. ಆ ಜೋಡಿಗಳು ಹೆಚ್ಚು ಮಾತಾಡಿದವು, ಮಾತು ಮುಂದುವರಿಸಿದವು. ಹೊಂದುತ್ತೀರಿ ಎಂಬ ಮಾತೇ ಅವರನ್ನು ಹೊಂದಿಸತೊಡಗಿತ್ತು.

ಅದಕ್ಕಿಂತಲೂ ನನ್ನನ್ನು ಕಾಡಿದ ಪ್ರಯೋಗ 2013ರ ಜನವರಿಯದು. ಆ ತಿಂಗಳ ಒಂದು ದಿನ ಏಳು ಗಂಟೆ ಕಾಲ ಓಕೆಕ್ಯುಪಿಡ್ ತಾಣದಲ್ಲಿ ಎಲ್ಲರ ಫೋಟೊ ಮರೆಮಾಡಿತು. ಬಂದವರ ಸಂಖ್ಯೆ ಇಳಿಯಿತು. ಆದರೆ ಮೊದಲ ಸಂದೇಶಕ್ಕೆ ಉತ್ತರ ಕೊಡುವುದು ಶೇ 44ರಷ್ಟು ಏರಿತು, ಮಾತು ಆಳಕ್ಕೆ ಇಳಿಯಿತು. ಸಂಜೆ ನಾಲ್ಕಕ್ಕೆ ಫೋಟೊಗಳು ಮರಳಿದವು. ನಡುವೆ ನಡೆಯುತ್ತಿದ್ದ ಎಷ್ಟೋ ಸಂಭಾಷಣೆಗಳು ಅಲ್ಲಲ್ಲೇ ಕರಗಿಹೋದವು.

ಹಿಂಜ್ ತನ್ನನ್ನು ‘ಅಳಿಸಿಹಾಕಲೆಂದೇ ಮಾಡಿದ ಆ್ಯಪ್’ ಎಂದು ಕರೆದುಕೊಳ್ಳುತ್ತದೆ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು 1962ರಲ್ಲಿ ಕೊಟ್ಟ ಜೋಡಿ ಹೊಂದಿಸುವ ಸೂತ್ರವನ್ನು ಬಳಸುತ್ತೇವೆ ಎನ್ನುತ್ತದೆ. ಶಾಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸೂತ್ರ ಸುಂದರವಾದದ್ದು. ಆದರೆ ಎಲ್ಲರೂ ತಮ್ಮ ಇಷ್ಟದ ಪಟ್ಟಿಯನ್ನು ಪ್ರಾಮಾಣಿಕವಾಗಿ ಕೊಟ್ಟಾಗ ಅದರ ಕೆಲಸ. ರಾತ್ರಿ ಹನ್ನೊಂದಕ್ಕೆ ದಣಿದ ಬೆರಳು ಎಡಕ್ಕೂ ಬಲಕ್ಕೂ ಸರಿಸಿದ್ದು ನಿಮ್ಮ ನಿಜವಾದ ಇಷ್ಟದ ಪಟ್ಟಿಯೇ ಎಂದು ನಾನಂತೂ ನಂಬಲಾರೆ. ಸೂತ್ರ ಕೇಳಿ ಆ್ಯಪ್ ಆರಿಸಬೇಡಿ.

ಗದಗಕ್ಕೊಂದು ನ್ಯಾಯ, ಕೋರಮಂಗಲಕ್ಕೊಂದು

ಹಾಗಾದರೆ ಯಾವುದನ್ನು ನೋಡಿ ಆರಿಸಬೇಕು? ಮೊದಲು, ನಿಮ್ಮ ಊರನ್ನು.

ಕೋರಮಂಗಲ, ಇಂದಿರಾನಗರದಲ್ಲಿ ಯಾವ ಆ್ಯಪ್ ತೆರೆದರೂ ಮುಖಗಳಿಗೆ ಬರವಿಲ್ಲ. ಗದಗ, ಚಿತ್ರದುರ್ಗ, ಶಿವಮೊಗ್ಗದಲ್ಲಿ ತೆರೆದರೆ ಸ್ವಲ್ಪ ಹೊತ್ತಿಗೇ ಪಟ್ಟಿ ಮುಗಿದು, ದೂರದ ಊರುಗಳ ಮುಖ ಬರತೊಡಗುತ್ತದೆ. ಅಲ್ಲಿ ದುಡ್ಡು ಕಟ್ಟಿ ‘ಬೂಸ್ಟ್’ ಕೊಂಡರೆ ಹೊಸಬರು ಹುಟ್ಟುವುದಿಲ್ಲ. ಪುಕ್ಕಟೆ ಇರುವಷ್ಟರಲ್ಲೇ ಒಂದು ವಾರ ನೋಡಿ, ನಿಮ್ಮ ಆಸುಪಾಸಿನವರು ಯಾವುದರಲ್ಲಿದ್ದಾರೆ ಎಂದು ತಿಳಿದ ಮೇಲೆಯೇ ಮುಂದಿನ ಮಾತು.

ಇನ್ನೊಂದು, ಭಾಷೆ. ಈ ಆ್ಯಪ್‌ಗಳು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ನಮ್ಮ ಹುಡುಗರು ತಮ್ಮ ಬಗ್ಗೆ ನಾಲ್ಕು ಸಾಲು ಬರೆಯಲು ತಡವರಿಸಿ, ಎಲ್ಲಿಂದಲೋ ನಕಲು ಮಾಡಿ ಅಂಟಿಸುತ್ತಾರೆ. ಆಮೇಲೆ ಎಲ್ಲರೂ ಪ್ರವಾಸ, ಕಾಫಿ, ನಾಯಿಮರಿ ಇಷ್ಟಪಡುವವರೇ ಆಗಿಬಿಡುತ್ತಾರೆ. ಕನ್ನಡದಲ್ಲೇ ಬರೆಯಿರಿ. ಧಾರವಾಡದ ಮಾತಾದರೆ ಧಾರವಾಡದ್ದೇ ಇರಲಿ. ಓದುವವರು ಕಡಿಮೆಯಾಗಬಹುದು, ಆದರೆ ಓದಿ ಬಂದವರಿಗೆ ನೀವು ಯಾರೆಂದು ಗೊತ್ತಾಗಿರುತ್ತದೆ.

ಬೆಂಗಳೂರಿನಲ್ಲೇ ಹುಟ್ಟಿದ ‘ಐಲ್’ ಆ್ಯಪ್ ಈ ಅಗತ್ಯ ಕಂಡುಕೊಂಡು 2021ರಲ್ಲಿ ಮಲಯಾಳಿಗಳಿಗೆ ‘ಅರಿಕೆ’ ತಂದಿತು. ಮುಂದೆ ತಮಿಳರಿಗೆ ‘ಅನ್ಬೆ’, ತೆಲುಗರಿಗೆ ‘ನೀತೋ’, ಕನ್ನಡಿಗರಿಗೆ ‘ನೀನೇ’ ಬಂದವು. 2022ರಲ್ಲಿ ಜೀವನ್‌ಸಾಥಿ ಮದುವೆ ತಾಣ ನಡೆಸುವ ಇನ್ಫೋ ಎಡ್ಜ್ ಕಂಪನಿ ಐಲ್‌ನ ಬಹುಪಾಲು ಷೇರು ಕೊಂಡಿತು.

ಮೂರನೆಯದು ಗಂಡು ಹೆಣ್ಣಿನ ಲೆಕ್ಕ. ಭಾರತದ ಡೇಟಿಂಗ್ ಆ್ಯಪ್‌ಗಳಲ್ಲಿ ಗಂಡಸರ ಸಂಖ್ಯೆ ಹೆಂಗಸರದಕ್ಕಿಂತ ಬಹಳ ಹೆಚ್ಚು. ಅದಕ್ಕೇ ಹುಡುಗರಿಗೆ ಬರಗಾಲ, ಹುಡುಗಿಯರಿಗೆ ನೆರೆ. 2018ರ ಡಿಸೆಂಬರಿನಲ್ಲಿ ಪ್ರಿಯಾಂಕಾ ಚೋಪ್ರಾರನ್ನು ಮುಂದಿಟ್ಟುಕೊಂಡು ಭಾರತಕ್ಕೆ ಬಂದ ಬಂಬಲ್ ಇದನ್ನು ಅರಿತಿತ್ತು. ಮೊದಲ ಮಾತು ಹೆಣ್ಣಿನದೇ ಎಂಬ ನಿಯಮದ ಜೊತೆಗೆ, ಇಲ್ಲಿಯ ಹೆಂಗಸರು ಪೂರ್ತಿ ಹೆಸರಿನ ಬದಲು ಮೊದಲ ಅಕ್ಷರವನ್ನಷ್ಟೇ ತೋರಿಸಬಹುದು ಎಂದಿತು. ಹೆಸರು ಸಿಕ್ಕರೆ ಫೇಸ್‌ಬುಕ್ಕಿನಲ್ಲಿ ಹುಡುಕಿ ಹಿಂದೆ ಬೀಳುವವರ ಕಾಟ ಅನುಭವಿಸಿದವರಿಗೆ ಈ ಒಂದು ಅಕ್ಷರದ ಬೆಲೆ ಗೊತ್ತು.

> ಮದುವೆ ತಾಣ ಬೇರೆ
> ಮ್ಯಾಟ್ರಿಮೊನಿ ತಾಣಗಳಿಗೆ ಕೇಂದ್ರ ಸರ್ಕಾರ 2016ರಲ್ಲಿ ಮಾರ್ಗಸೂಚಿ ಕೊಟ್ಟಿತು. ಬಳಕೆದಾರರ ಗುರುತು ಪರಿಶೀಲಿಸಬೇಕು, ತಾಣ ಮದುವೆಗೆ ಮಾತ್ರ, ಡೇಟಿಂಗಿಗಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು ಎಂಬುದು ಅದರ ಸಾರ. ಈ ಮಾರ್ಗಸೂಚಿ ಡೇಟಿಂಗ್ ಆ್ಯಪ್‌ಗಳಿಗೆ ಬರೆದದ್ದಲ್ಲ. ಅಲ್ಲಿ ಎದುರಿನವರ ಗುರುತು ಖಚಿತ ಮಾಡಿಕೊಳ್ಳುವ ಹೊಣೆ ಹೆಚ್ಚಾಗಿ ನಿಮ್ಮ ಮೇಲೆಯೇ.

ಸುರಕ್ಷತೆಗೆ ಬೆಲೆ ಕಟ್ಟುವವರು

ಇಲ್ಲಿ ನನ್ನ ನಿಲುವು ಗಟ್ಟಿ. ಆ್ಯಪ್ ಸೌಕರ್ಯಕ್ಕೆ ದುಡ್ಡು ಕೇಳಲಿ, ತಪ್ಪಿಲ್ಲ. ಸುರಕ್ಷತೆಗೆ ಕೇಳಬಾರದು.

ಪುಕ್ಕಟೆಯಾಗಿ ಸಿಗಲೇಬೇಕಾದವು ಕೆಲವಿವೆ. ಸೆಲ್ಫಿ ತೆಗೆಸಿ ಫೋಟೊ ನಿಮ್ಮದೇ ಎಂದು ಖಚಿತಪಡಿಸುವ ವ್ಯವಸ್ಥೆ. ಬ್ಲಾಕ್, ರಿಪೋರ್ಟ್. ಫೋನಿನಲ್ಲಿರುವ ಪರಿಚಿತರ ನಂಬರುಗಳಿಗೆ ನಿಮ್ಮ ಪ್ರೊಫೈಲ್ ಕಾಣದಂತೆ ಮಾಡುವ ಸೌಲಭ್ಯ. ನಂಬರ್ ಕೊಡದೆ ಆ್ಯಪ್ ಒಳಗಿಂದಲೇ ವಿಡಿಯೊ ಕಾಲ್. ಭಾರತದಲ್ಲಿ ದೂರು ಕೇಳುವ ಅಧಿಕಾರಿಯ ಹೆಸರು, ವಿಳಾಸ. 2021ರ ಐಟಿ ನಿಯಮಗಳ ಪ್ರಕಾರ ಅಂಥ ಕುಂದುಕೊರತೆ ಅಧಿಕಾರಿ ಇರಲೇಬೇಕು. ಆ್ಯಪ್ ಇಳಿಸುವ ಮೊದಲು ಅವರ ವೆಬ್‌ಸೈಟಿನಲ್ಲಿ ಆ ಹೆಸರು ಹುಡುಕಿ. ಕಾಣಲಿಲ್ಲವೇ, ಆ ಆ್ಯಪ್ ಬೇಡ.

ಆದರೆ ತಾವು ಮೆಚ್ಚಿದವರಿಗೆ ಮಾತ್ರ ಕಾಣಿಸಿಕೊಳ್ಳುವ ‘ಇನ್‌ಕಾಗ್ನಿಟೊ’ ಟಿಂಡರ್, ಬಂಬಲ್ ಎರಡರಲ್ಲೂ ದುಡ್ಡು ಕೊಟ್ಟವರಿಗೇ. ಸಂಬಂಧಿಕರ, ಊರವರ, ಆಫೀಸಿನವರ ಕಣ್ಣಿನಿಂದ ಮರೆಯಾಗಿರಬೇಕಾದ ಹುಡುಗಿಗೆ ಅದು ಶೋಕಿಯಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ನಲ್ಲಿ ಹೆಣ್ಣುಮಕ್ಕಳ ಮೇಲೆ ಕೈಮಾಡಿದ್ದನ್ನು ಟಿವಿಯಲ್ಲಿ ನೋಡಿದ ರಾಜ್ಯ ಇದು. ಯಾರು ಯಾರ ಜೊತೆ ಎಲ್ಲಿ ಕೂತಿದ್ದಾರೆ ಎಂಬುದು ಇಲ್ಲಿ ಏಟಿಗೆ ಕಾರಣವಾಗಬಲ್ಲದು.

ಎಲ್ಲಿದ್ದೀರಿ ಎಂಬುದು ಹೊರಗೆ ಸೋರುವುದು ಊಹೆಯ ಮಾತಲ್ಲ. 2024ರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು 15 ಡೇಟಿಂಗ್ ಆ್ಯಪ್ ಪರೀಕ್ಷಿಸಿದರು. ಬಂಬಲ್, ಹಿಂಜ್, ಗ್ರೈಂಡರ್, ಬಡೂ ಸೇರಿ ಆರರಲ್ಲಿ, ದೂರಕ್ಕೆ ಸಂಬಂಧಿಸಿದ ಸೌಲಭ್ಯವನ್ನೇ ಬಳಸಿಕೊಂಡು ಒಬ್ಬರು ಇರುವ ಜಾಗವನ್ನು ಹೆಚ್ಚುಕಡಿಮೆ ಕರಾರುವಾಕ್ಕಾಗಿ ಹಿಡಿಯಬಹುದಾಗಿತ್ತು. ಸಂಶೋಧಕರು ತಿಳಿಸಿದ ಮೇಲೆ ಹೆಚ್ಚಿನ ಕಂಪನಿಗಳು ಆ ತೂತು ಮುಚ್ಚಿದವು. ಆದರೂ ಪಿಜಿಯಲ್ಲಿ ಕೂತು ಲೊಕೇಶನ್ ಆನ್ ಮಾಡುವ ಬದಲು, ಫೋನಿನ ಸೆಟ್ಟಿಂಗ್‌ನಲ್ಲಿ ಅಂದಾಜು ಸ್ಥಳಕ್ಕಷ್ಟೇ ಅನುಮತಿ ಕೊಡುವುದು ಒಳಿತು.

ಸಲಿಂಗಿಗಳಿಗೆ ಈ ಮಾತು ಇನ್ನೂ ತೀವ್ರ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅವರ ಪ್ರೀತಿಯನ್ನು ಅಪರಾಧದ ಪಟ್ಟಿಯಿಂದ ಹೊರಗೆ ತಂದಿತು. ಮನೆಗಳು ಇನ್ನೂ ಆ ತೀರ್ಪಿನ ಜೊತೆ ಹೆಜ್ಜೆ ಹಾಕಿಲ್ಲ. ಬಳಕೆದಾರರ ವಿವರಗಳನ್ನು ಸರಿಯಾದ ಒಪ್ಪಿಗೆಯಿಲ್ಲದೆ ಜಾಹೀರಾತು ಕಂಪನಿಗಳಿಗೆ ಹಂಚಿದ್ದಕ್ಕೆ ನಾರ್ವೆ ದೇಶ 2021ರಲ್ಲಿ ಸಲಿಂಗಿಗಳ ಆ್ಯಪ್ ಆದ ಗ್ರೈಂಡರಿಗೆ 6.5 ಕೋಟಿ ಕ್ರೋನ್ ದಂಡ ಹಾಕಿತು. ಒಬ್ಬ ಮನುಷ್ಯ ಆ ಆ್ಯಪ್‌ನಲ್ಲಿದ್ದಾನೆ ಎಂಬ ಒಂದೇ ಸಂಗತಿ ಅವನ ಬದುಕನ್ನು ಅಲುಗಾಡಿಸಬಲ್ಲದು.

ಮೊಜಿಲ್ಲಾ 2024ರಲ್ಲಿ 25 ಡೇಟಿಂಗ್ ಆ್ಯಪ್‌ಗಳ ಖಾಸಗಿತನ ನೀತಿಯನ್ನು ಓದಿ ನೋಡಿತು. 22ಕ್ಕೆ ಎಚ್ಚರಿಕೆಯ ಚೀಟಿ ಅಂಟಿಸಿತು.

ದುಡ್ಡಿನ ಮಾತು ಬಂದರೆ

ವಂಚಕರಿಗೆ ಪುಕ್ಕಟೆ ಆ್ಯಪ್ ಎಂದರೆ ಬಾಡಿಗೆಯಿಲ್ಲದ ಜಾಗ. ಅವರ ಪಟ್ಟುಗಳು ಹೆಚ್ಚೇನಿಲ್ಲ. ಮ್ಯಾಚ್ ಆದ ದಿನವೇ ವಾಟ್ಸ್‌ಆ್ಯಪ್‌ಗೋ ಟೆಲಿಗ್ರಾಂಗೋ ಬಾ ಎನ್ನುತ್ತಾರೆ. ವಾರಗಟ್ಟಲೆ ಪ್ರೀತಿಯಿಂದ ಮಾತಾಡಿ, ಯಾವುದೋ ಟ್ರೇಡಿಂಗ್‌ನಲ್ಲಿ ತಾವು ಗಳಿಸಿದ್ದನ್ನು ತೋರಿಸುತ್ತಾರೆ. ಇಲ್ಲವೇ ವಿಡಿಯೊ ಕಾಲ್‌ನಲ್ಲಿ ಬಟ್ಟೆ ಕಳಚಿಸಿ, ರೆಕಾರ್ಡ್ ಮಾಡಿ ಹೆದರಿಸುತ್ತಾರೆ. ದೆಹಲಿ, ಮುಂಬೈಯಲ್ಲಿ ಇನ್ನೊಂದು ಬಗೆ: ಭೇಟಿಗೆ ಹುಡುಗಿಯೇ ಕೆಫೆ ಆರಿಸುತ್ತಾಳೆ, ಸಾವಿರಾರು ರೂಪಾಯಿ ಬಿಲ್ ಬರುತ್ತದೆ, ಅಷ್ಟರಲ್ಲಿ ಅವಳು ಎದ್ದುಹೋಗಿರುತ್ತಾಳೆ, ಬಾಗಿಲಲ್ಲಿ ಬೌನ್ಸರ್ ನಿಂತಿರುತ್ತಾನೆ.

ಮೊದಲ ಭೇಟಿಯ ಜಾಗ ನಿಮಗೆ ಗೊತ್ತಿರುವ, ಜನ ಓಡಾಡುವ ಜಾಗವಾಗಲಿ. ಕಬ್ಬನ್ ಪಾರ್ಕ್ ಇದೆ, ಚರ್ಚ್ ಸ್ಟ್ರೀಟಿನ ಪುಸ್ತಕದ ಅಂಗಡಿಗಳಿವೆ, ದರ್ಶಿನಿಗಳಿವೆ. ದರ್ಶಿನಿಯಲ್ಲಿ ಮೊದಲೇ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುವುದರಿಂದ ಬಿಲ್ಲಿನ ಭಯವೂ ಇಲ್ಲ. ಎಲ್ಲಿಗೆ, ಯಾರ ಜೊತೆ ಎಂಬುದು ಒಬ್ಬ ಗೆಳತಿಗಾದರೂ, ಅಣ್ಣನಿಗಾದರೂ ತಿಳಿದಿರಲಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಕ್ಕಳು ಈ ಆ್ಯಪ್‌ಗಳಲ್ಲಿದ್ದಾರೆ ಎಂದು ಗೊತ್ತಾದಾಗ ಬೈದು ಫೋನ್ ಕಸಿದುಕೊಂಡರೆ, ನಾಳೆ ಯಾರಾದರೂ ಹೆದರಿಸಿ ದುಡ್ಡು ಕೇಳಿದಾಗ ಅವರು ನಿಮ್ಮ ಬಳಿ ಬರುವುದಿಲ್ಲ. ಸುಲಿಗೆ ಮಾಡುವವನು ನಂಬಿಕೊಂಡಿರುವುದೇ ಆ ಮೌನವನ್ನು.

> ಮೋಸ ಹೋದರೆ 1930
> ಹಣ ಹೋದ ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಸುಳ್ಳು ಗುರುತಿನಿಂದ ವಂಚಿಸಿದರೆ ಐಟಿ ಕಾಯ್ದೆಯ 66ಡಿ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆದರೆ ಅಥವಾ ಹರಡಿದರೆ 66ಇ. ಮದುವೆಯ ಸುಳ್ಳು ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸುವುದು ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಪ್ರಕಾರ ಅಪರಾಧ, 10 ವರ್ಷದವರೆಗೆ ಸಜೆ.

ಹೊರಬರುವ ದಾರಿ

ಆ್ಯಪ್ ಆರಿಸುವಾಗ ಬಹಳ ಜನ ನೋಡದೇ ಬಿಡುವುದು ಇದನ್ನೇ. ಒಳಗೆ ಬರಲು ಒಂದು ನಿಮಿಷ ಸಾಕು. ಹೊರಗೆ ಹೋಗಲು?

ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಅಕೌಂಟ್ ಹೋಗುವುದಿಲ್ಲ. ನಿಮ್ಮ ಫೋಟೊ ಅಲ್ಲೇ ಇರುತ್ತದೆ, ಯಾರೋ ಬಲಕ್ಕೆ ಸರಿಸುತ್ತಿರುತ್ತಾರೆ. ಅಕೌಂಟ್ ಡಿಲೀಟ್ ಮಾಡಿದರೂ, ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ಮೂಲಕ ಕಟ್ಟಿದ ಚಂದಾ ತಾನಾಗಿ ನಿಲ್ಲುವುದಿಲ್ಲ. ‘ಒಂದು ವಾರ ಫ್ರೀ’ ಎಂದು ಒಪ್ಪಿ ಮರೆತವರ ಖಾತೆಯಿಂದ ತಿಂಗಳು ತಿಂಗಳು ದುಡ್ಡು ಹೋಗುವುದು ಹೀಗೆ. ಆಟೊಪೇ ಕಡಿತಕ್ಕೆ 24 ಗಂಟೆ ಮೊದಲು ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಎಸ್‌ಎಂಎಸ್ ಓದದೆ ಸರಿಸಬೇಡಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮಗೂ ಎರಡು ಹಕ್ಕು ಬರೆದುಕೊಟ್ಟಿದೆ: ನನ್ನ ಯಾವ ಮಾಹಿತಿ ನಿಮ್ಮಲ್ಲಿದೆ ಎಂದು ಕೇಳುವುದು, ಅಳಿಸಿ ಎಂದು ಹೇಳುವುದು. ಅದು ಹಂತಹಂತವಾಗಿ ಜಾರಿಗೆ ಬರುವ ಕಾನೂನು. ಆದರೆ ಟಿಂಡರ್, ಹಿಂಜ್‌ನಂಥ ಆ್ಯಪ್‌ಗಳು ಈಗಲೇ ನಿಮ್ಮ ಮಾಹಿತಿಯ ಪ್ರತಿಯನ್ನು ಇಳಿಸಿಕೊಳ್ಳಲು ಬಿಡುತ್ತವೆ.

ಹಾಗಾಗಿ ಬಿಡುವುದಿದ್ದರೆ ಈ ಅನುಕ್ರಮದಲ್ಲಿ ಬಿಡಿ. ಮೊದಲು ಪ್ರತಿ ತರಿಸಿಕೊಳ್ಳಿ. ಆಮೇಲೆ ಸ್ಟೋರಿನಲ್ಲಿ ಚಂದಾ ರದ್ದು ಮಾಡಿ, ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿಯಲ್ಲಿ ಅದರ ಹೆಸರು ಉಳಿದಿದೆಯೇ ನೋಡಿ. ಬಳಿಕ ಆ್ಯಪ್ ಒಳಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿ. ‘ಸ್ವಲ್ಪ ದಿನ ಮರೆಮಾಡಿ’ ಎಂಬ ಇನ್ನೊಂದು ಗುಂಡಿ ಅಲ್ಲೇ ಪಕ್ಕದಲ್ಲಿ ಕಾಣಬಹುದು, ಅದನ್ನು ಒತ್ತಿದರೆ ಅಕೌಂಟ್ ಹಾಗೇ ಉಳಿಯುತ್ತದೆ. ಇಷ್ಟೂ ಮುಗಿದ ಮೇಲೆ ಆ್ಯಪನ್ನು ಫೋನಿನಿಂದ ತೆಗೆಯಿರಿ.